ಎರಡನೇ ಲಿಂಗ

ಆ ರೋಗಿಗೆ ಪ್ರಜ್ಞೆ ಮರಳಿದ್ದನ್ನು ನಾನು ಮೊದಲು ಕಂಡದ್ದು ಅವನ ಬಲಗೈಯಲ್ಲಿ. ಬೆಳಿಗ್ಗೆ ಕಾಲಿನ ಪಟ್ಟಿ ಬದಲಿಸಲು ಟ್ರೇ ಹಿಡಿದು ಹೋದಾಗ ಆ ಕೈ ಎದೆಯ ಮೇಲೆ ಏನನ್ನೋ ಹುಡುಕುತ್ತಿತ್ತು. ಕೊರಳಿಂದ ಇಳಿದು ಎದೆಗೆ ಬರುತ್ತಿತ್ತು, ಪಕ್ಕೆಗೆ ಸರಿಯುತ್ತಿತ್ತು, ದಿಂಬಿನ ಕೆಳಗೆ ತಡವಿ ಮತ್ತೆ ಕೊರಳಿಗೆ ಹೋಗುತ್ತಿತ್ತು. ನಮ್ಮ ವಾರ್ಡಿನ ಮರಾಠಿ ಆರ್ಡರ್ಲಿ, “ಬೀಡಿ ಹುಡುಕುತ್ತಿದ್ದಾನೆ, ಸಿಸ್ಟರ್” ಎಂದು ನಕ್ಕ. ನನಗೆ ನಗು ಬರಲಿಲ್ಲ. ಧಾರವಾಡದಲ್ಲಿ ನಮ್ಮ ಮನೆಯ ಹತ್ತಿರ ಕ್ರೈಸ್ತರ ಮನೆಗಳು ನಾಲ್ಕೇ ನಾಲ್ಕು, ಸುತ್ತಲೂ ಲಿಂಗಾಯತರ ಓಣಿ. ಅಂಗಿಯ ಒಳಗೆ, ಎದೆಯ ಮೇಲೆ ಲಿಂಗ ಎಲ್ಲಿ ಇಳಿಬಿದ್ದಿರುತ್ತದೆ ಎಂದು ಚಿಕ್ಕಂದಿನಿಂದ ನೋಡಿ ಬಲ್ಲೆ. ಆ ಕೈ ಸರಿಯಾಗಿ ಅಲ್ಲೇ ಹೋಗಿ ನಿಲ್ಲುತ್ತಿತ್ತು.

ಅದು ಎರಡನೇ ಮಹಾಯುದ್ಧದ ಕಾಲ. ಪುಣೆಯ ಮಿಲಿಟರಿ ಆಸ್ಪತ್ರೆಯೊಂದರಲ್ಲಿ ನಾನು ಶಸ್ತ್ರಚಿಕಿತ್ಸೆಯ ವಾರ್ಡಿನ ನರ್ಸು. ಪೂರ್ವದ ಗಡಿಯಿಂದ ಗಾಯಾಳುಗಳ ರೈಲು ಬಂದಾಗಲೆಲ್ಲ ಮಂಚಗಳ ನಡುವೆ ಇನ್ನೊಂದು ಸಾಲು ಮಂಚ ಹಾಕುತ್ತಿದ್ದೆವು. ಈತ ಬಂದದ್ದು ಅಂಥದೊಂದು ರೈಲಿನಲ್ಲಿ. ಬೈಲಹೊಂಗಲದ ಹತ್ತಿರದ ಹಳ್ಳಿಯವನು, ಕಲ್ಲು ಒಡೆಯುವ ಕೆಲಸ ಬಲ್ಲವನು, ಸೈನ್ಯಕ್ಕಾಗಿ ರಸ್ತೆ ಮಾಡುವ ಪಡೆಗೆ ಸೇರಿದ್ದ. ಗುಡ್ಡ ಕುಸಿದು ಎಡಗಾಲು ಜಜ್ಜಿಹೋಗಿತ್ತು. ಅಲ್ಲಿನ ಡೇರೆ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದ್ದರು. ಗಾಯದಲ್ಲಿ ಕೀವು ತುಂಬಿ, ಜ್ವರದ ಅಮಲಿನಲ್ಲೇ ಅರ್ಧ ದೇಶ ದಾಟಿ ಬಂದಿದ್ದ. ನಮ್ಮಲ್ಲಿಗೆ ಬಂದ ಮೇಲೂ ಚಮಚದಲ್ಲಿ ಏನು ಹಾಕಿದರೂ ಎಳೆಗೂಸಿನ ಹಾಗೆ ನುಂಗುತ್ತಿದ್ದ. ಅರಿವಿಲ್ಲದವನಿಗೆ ಹಟವೂ ಇರುವುದಿಲ್ಲ.

“ಏನ್ ಹುಡಕಾಕತ್ತೀರಿ?” ಎಂದೆ.

ಕನ್ನಡ ಕೇಳಿ ಅವನು ಕಣ್ಣು ಪೂರ್ತಿ ತೆರೆದ. ತುಟಿಗಳು ಒಡೆದಿದ್ದವು. “ಅಕ್ಕಾರ, ನನ್ನ ಲಿಂಗ ಎಲ್ಲಿ?”

ನಾನು ಇದ್ದದ್ದನ್ನೇ ಹೇಳಿದೆ. ಶಸ್ತ್ರಚಿಕಿತ್ಸೆಗೆ ಮುಂಚೆ ಮೈಮೇಲಿನ ದಾರ, ತಾಯಿತ, ಉಂಗುರ, ಏನೇ ಇರಲಿ ತೆಗೆದು ಚೀಲಕ್ಕೆ ಹಾಕುವುದು ಎಲ್ಲ ಆಸ್ಪತ್ರೆಗಳ ನಿಯಮ. ಡೇರೆ ಆಸ್ಪತ್ರೆಯವರೂ ತೆಗೆದಿರುತ್ತಾರೆ, ಚೀಲ ಹಿಂದಿನಿಂದ ಬರುತ್ತದೆ, ಹುಡುಕಿಸುತ್ತೇನೆ, ಅಷ್ಟರಲ್ಲಿ ಸ್ವಲ್ಪ ನೀರು ಕುಡಿಯಿರಿ ಎಂದು ಕೊಕ್ಕಿನ ಲೋಟವನ್ನು ತುಟಿಗೆ ಹಿಡಿದೆ. ಅವನು ಬಾಯಿ ಮುಚ್ಚಿದ. ನಿಧಾನವಾಗಿ, ಮರ್ಯಾದೆಯಿಂದ ಮುಖವನ್ನು ಗೋಡೆಯ ಕಡೆ ತಿರುಗಿಸಿದ.

“ಲಿಂಗ ಬರಲಿ, ಅಕ್ಕಾರ. ಮೈಮ್ಯಾಲೆ ಲಿಂಗ ಇಲ್ಲದ ನಾ ಏನೂ ಬಾಯಿಗೆ ಹಾಕೂದಿಲ್ಲ.”

ಒಂದು ಹೊತ್ತಿನ ಊಟ ತಪ್ಪಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ತೊಂದರೆ ಇದ್ದದ್ದು ನೀರಿನದು. ಕೀವಿಗೆ ಆಗ ನಮ್ಮ ಕೈಯಲ್ಲಿದ್ದ ದೊಡ್ಡ ಆಯುಧ ಸಲ್ಫಾ ಮಾತ್ರೆ. ಅದನ್ನು ಕೊಟ್ಟಮೇಲೆ ಕೊಡಗಟ್ಟಲೆ ನೀರು ಕುಡಿಸಬೇಕು, ಕುಡಿಸದಿದ್ದರೆ ಔಷಧವೇ ಮೂತ್ರಪಿಂಡದಲ್ಲಿ ಹರಳುಗಟ್ಟಿ ಮೂತ್ರ ನಿಂತುಹೋಗುತ್ತದೆ. ಮಾತ್ರೆ ನಿಲ್ಲಿಸಿದರೆ ಕಾಲಿನ ಕೀವು ರಕ್ತಕ್ಕೆ ಏರುತ್ತದೆ. ಎರಡೂ ದಾರಿ ಒಂದೇ ಕಡೆ ಹೋಗುತ್ತಿದ್ದವು.

ಸ್ಟೋರಿಗೆ ಹೋಗಿ ಆ ರೈಲಿನಲ್ಲಿ ಬಂದ ಚೀಲಗಳನ್ನೆಲ್ಲ ಆರ್ಡರ್ಲಿಯ ಜೊತೆ ನಿಂತು ಬಿಚ್ಚಿ ನೋಡಿದೆ. ಅವನದು ಇರಲಿಲ್ಲ. ಡೇರೆ ಆಸ್ಪತ್ರೆಗೆ ತಂತಿ ಕೊಡಿಸಿದೆ. ಆ ಆಸ್ಪತ್ರೆ ಜಾಗ ಬದಲಿಸಿದೆ, ಆಗ ಬಹಳ ಸಾಮಾನು ಕಳೆದುಹೋಗಿದೆ ಎಂದು ಮರುದಿನ ಉತ್ತರ ಬಂತು. ಸುಳ್ಳು ಹೇಳಿ ದಿನ ದೂಡಬಹುದಿತ್ತು. ಆದರೆ ಅವನು ನನ್ನ ಮುಖ ನೋಡಿಯೇ ತಿಳಿದುಕೊಂಡ, “ಹೋತಲ್ರಿ?” ಎಂದ. ಹೋಯಿತು ಎಂದೆ. ಅಷ್ಟಕ್ಕೇ ಕಣ್ಣು ಮುಚ್ಚಿದ. ಅವನು ಕೂಗಾಡಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ನಮ್ಮ ಸರ್ಜನ್ ಇಂಗ್ಲೆಂಡಿನವರು, ಎಲ್ಲರೂ ಮೇಜರ್ ಸಾಹೇಬರು ಎನ್ನುತ್ತಿದ್ದರು. ಕೈಚಳಕದ ಮನುಷ್ಯ, ಮಾತು ಕಡಿಮೆ. ಅವರಿಗೆ ಸಂಗತಿ ವಿವರಿಸಿದೆ. ದೇಶದಲ್ಲಿ ಉಪವಾಸ ಎಂಬ ಮಾತು ಕೇಳಿದರೆ ಸರ್ಕಾರ ಉರಿದುಬೀಳುತ್ತಿದ್ದ ದಿನಗಳು ಅವು. ಸಮವಸ್ತ್ರದವನೊಬ್ಬ ಅನ್ನ ಬಿಟ್ಟಿದ್ದಾನೆ ಎಂದರೆ ಮೇಲಿನವರು ಏನು ತಿಳಿದುಕೊಳ್ಳುತ್ತಾರೆ ಎಂಬ ಚಿಂತೆ ಅವರಿಗೂ ಇತ್ತು. ಅವನ ಕಾಗದ ನೋಡಿ, “ಹಿಂದೂ ಎಂದಿದೆಯಲ್ಲ. ಹಿಂದೂ ಧರ್ಮಗುರು ಇದ್ದಾರಲ್ಲ, ಕರೆಸಿ” ಎಂದರು. ಆಮೇಲೆ ತಾವೇ ಮೊಣಕೈಯ ನರ ಹುಡುಕಿ ಸೂಜಿ ಹಾಕಿ ಸೆಲೈನ್ ಬಾಟಲಿ ತೂಗುಹಾಕಿದರು, ಸಲ್ಫಾವನ್ನೂ ಅದೇ ಸೂಜಿಯಲ್ಲಿ ಕೊಟ್ಟರು.

ಸೆಲೈನಿಗೆ ರೋಗಿ ಅಡ್ಡಿ ಮಾಡಲಿಲ್ಲ. “ಅದು ನೀವು ಹಾಕಿದ್ದು, ನಾ ಕುಡಿದದ್ದಲ್ಲ” ಎಂದ. ಇಂಥ ಸೂಕ್ಷ್ಮ ಲೆಕ್ಕ ನನ್ನ ಕೆಲಸಕ್ಕೆ ಅನುಕೂಲವೇ ಆಗಿತ್ತು, ಹಾಗಾಗಿ ನಾನೂ ಚರ್ಚೆಗೆ ಇಳಿಯಲಿಲ್ಲ.

ಆಸ್ಪತ್ರೆಯ ಪಂಡಿತರು ಒಳ್ಳೆಯ ಮನುಷ್ಯ. ಪುಣೆಯವರೇ, ಹಿಂದೂ ಸಿಪಾಯಿಗಳಿಗೆ ಕಥೆ ಹೇಳುವುದು, ಸಾಯುವವರ ಬಾಯಿಗೆ ಗಂಗಾಜಲ ಬಿಡುವುದು ಅವರ ಕೆಲಸ. ತಾಮ್ರದ ಗಿಂಡಿ, ತುಳಸಿ, ದೇವರ ಪಟ ಹಿಡಿದು ಬಂದು ಮಂಚದ ಪಕ್ಕ ಕುಳಿತು ಮರಾಠಿಯಲ್ಲಿ ತುಂಬ ಅಕ್ಕರೆಯಿಂದ ಮಾತಾಡಿದರು. ನಾನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದೆ. ನೀನೂ ಹಿಂದೂ, ನಾನೂ ಹಿಂದೂ, ಇದು ಗಂಗೆಯ ನೀರು, ಇದಕ್ಕಿಂತ ಪವಿತ್ರವಾದದ್ದು ಯಾವುದಿದೆ, ಆ ಕಲ್ಲು ಹೋದರೆ ದೇವರು ಹೋಗುತ್ತಾನೆಯೇ ಎಂದರು. ರೋಗಿ ಅವರಿಗೆ ಕೈಮುಗಿದ. ನೀರಿಗೆ ಬಾಯಿ ತೆರೆಯಲಿಲ್ಲ.

ಹೊರಗೆ ಬಂದು ಪಂಡಿತರು ಬೆವರು ಒರೆಸಿಕೊಂಡು, “ಕಾಗದದಲ್ಲಿ ಹಿಂದೂ ಎಂದು ಬರೆಸಿದವನು ಇವನೇ ತಾನೇ, ಸಿಸ್ಟರ್?” ಎಂದು ಕೇಳಿದರು. ಅವರಿಗೆ ಸಿಟ್ಟಿರಲಿಲ್ಲ, ನಿಜವಾಗಿ ಅರ್ಥವಾಗಿರಲಿಲ್ಲ.

ನಮ್ಮ ವಾರ್ಡಿನಲ್ಲಿ ಪ್ರತಿ ಮಂಚದ ತಲೆಕಡೆ ಒಂದು ತಗಡಿನ ಬಿಲ್ಲೆ ನೇತುಹಾಕಿರುತ್ತಿದ್ದೆವು. ಹಿಂದೂ, ಮುಸಲ್ಮಾನ, ಸಿಖ್, ಕ್ರಿಸ್ತಾನ. ಯಾವ ಅಡಿಗೆಮನೆಯ ಊಟ, ಸತ್ತರೆ ಯಾರನ್ನು ಕರೆಯಬೇಕು, ಎಲ್ಲವೂ ಆ ಬಿಲ್ಲೆಯಿಂದ ತೀರ್ಮಾನ. ಅವಸರದ ಕೆಲಸಕ್ಕೆ ಅದು ಬೇಕಾಗಿತ್ತು, ನಾನೇ ಎಷ್ಟೋ ಬಿಲ್ಲೆ ತಗುಲಿಸಿದ್ದೇನೆ. ನನ್ನ ಅಜ್ಜಿ ಮಾತ್ರ ಮನೆಗೆ ಹೊಸಬರು ಬಂದರೆ ಬೇರೆ ಥರ ಕೇಳುತ್ತಿದ್ದಳು: ಯಾವ ಊರು, ಯಾವ ಮಠ, ಮನೆದೇವರು ಯಾರು, ಯಾರ ಕೈಯ ನೀರು ನಡೆಯುತ್ತದೆ. ಅದರಲ್ಲಿ ಕೊಂಕೂ ಸಾಕಷ್ಟಿತ್ತು, ಆ ಕಾಲವನ್ನು ಹೊಗಳುವ ಆಸೆ ನನಗಿಲ್ಲ. ಆದರೆ ಅವಳ ಪ್ರಕಾರ ಧರ್ಮ ಎಂದರೆ ಒಬ್ಬ ಮನುಷ್ಯ ಬೆಳಿಗ್ಗೆ ಎದ್ದು ಮಾಡುವ ಕೆಲಸ. ನೀನು ಯಾವ ಧರ್ಮದವನು ಎಂದು ಒಂದೇ ಮಾತಿನಲ್ಲಿ ಕೇಳಿ ಒಂದೇ ಮಾತಿನ ಉತ್ತರ ಪಡೆಯುವ ರೂಢಿ ಶಾಲೆ, ಕಚೇರಿ, ಸೈನ್ಯಗಳ ಜೊತೆಗೆ ನಮ್ಮ ಕಡೆ ಬಂತು. ಪಂಡಿತರೂ ಮೇಜರ್ ಸಾಹೇಬರೂ ಆ ಹೊಸ ರೂಢಿಯವರು. ಮಂಚದ ಮೇಲಿದ್ದವನು ಇನ್ನೂ ನನ್ನ ಅಜ್ಜಿಯ ಕಾಲದವನು, ವಯಸ್ಸು ಮೂವತ್ತು ದಾಟಿರದಿದ್ದರೂ.

ಸೆಲೈನ್ ಎರಡು ದಿನ ನಡೆಯಿತು. ಆಮೇಲೆ ನರಗಳು ಕೈಕೊಟ್ಟವು. ಸೂಜಿ ಹಾಕಿದಲ್ಲೆಲ್ಲ ತೋಳು ಊದಿಕೊಂಡಿತು. ತೊಡೆಯ ಚರ್ಮದ ಕೆಳಗೆ ದಪ್ಪ ಸೂಜಿ ಹಾಕಿ ನೀರು ಬಿಟ್ಟೆವು, ಅದು ಮೈಗೆ ಇಳಿಯದೆ ಅಲ್ಲೇ ನಿಂತಿತು. ಮೂತ್ರ ಕಡಿಮೆಯಾಗುತ್ತ ಬಂತು, ಬಣ್ಣ ಕೆಂಪಾಯಿತು. ಮೇಜರ್ ಸಾಹೇಬರು ಸಲ್ಫಾ ನಿಲ್ಲಿಸಿದರು. ಸಂಜೆಗೆ ಜ್ವರ ಮತ್ತೆ ಏರಿತು.

“ನಾಳೆ ಬೆಳಗಿನ ರೌಂಡಿನಲ್ಲಿ ಮೂಗಿನಿಂದ ನಳಿಗೆ ಇಳಿಸಿ ಹೊಟ್ಟೆಗೆ ನೀರು ಬಿಡುತ್ತೇನೆ. ಹಿಡಿದುಕೊಳ್ಳಲು ನಾಲ್ಕು ಜನ ಇರಲಿ” ಎಂದರು.

ನಾನು ನಳಿಗೆ ಇಳಿಸುವುದನ್ನು ನೋಡಿದ್ದೆ. ಒಪ್ಪಿದ ರೋಗಿಗೇ ಅದು ಹಿಂಸೆ. ಒಪ್ಪದವನು ಒದ್ದಾಡುತ್ತಾನೆ, ನೀರು ಶ್ವಾಸಕ್ಕೆ ಹೋಗಬಹುದು, ಕತ್ತರಿಸಿದ ಕಾಲು ಮಂಚಕ್ಕೆ ಬಡಿದು ಹೊಲಿಗೆ ಬಿಚ್ಚಿದರೆ ರಕ್ತ ನಿಲ್ಲಿಸುವುದು ಕಷ್ಟ. ಇದನ್ನೆಲ್ಲ ಅವರಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ. “ಅವನ ಗುರುಗಳ ಪೈಕಿ ಯಾರನ್ನಾದರೂ ಪೇಟೆಯಿಂದ ಕರೆತರುತ್ತೇನೆ, ರೌಂಡಿನ ತನಕ ಬಿಡಿ” ಎಂದೆ. ಅವರು ನನ್ನನ್ನು ನೋಡಿ, “ಒಬ್ಬ ಧರ್ಮಗುರು ಬಂದು ಹೋದರಲ್ಲ” ಎಂದರು. ಆಮೇಲೆ, “ರೌಂಡಿನ ತನಕ” ಎಂದು ಒಪ್ಪಿದರು.

ಹೊರಡುವ ಮುಂಚೆ ರೋಗಿಯ ಹತ್ತಿರ ಹೋಗಿ ಕೇಳಿದೆ. “ಸಾಯಬೇಕಂತ ಮಾಡೀರೇನು?”

“ಇಲ್ರಿ, ಅಕ್ಕಾರ. ಸಾಯೂ ಆಸೆ ಯಾರಿಗದ? ಮನ್ಯಾಗ ಹೆಂಡತಿ ಅದಾಳ, ಮಗಳು ಸಣ್ಣಾಕಿ.” ಉಸಿರು ತೆಗೆದುಕೊಂಡು ಹೇಳಿದ, “ಲಿಂಗ ಕಟ್ಟೂ ದಿನ ನಮ್ಮೂರ ಅಯ್ಯಾರು ಹೇಳಿದ್ರು. ಇದು ಹೋತಂದ್ರ ಜೀವಾನೂ ಹೋತಂತ ತಿಳಿ ಅಂತ. ನಾ ಹೂಂ ಅಂದೀನಿ.”

ನನಗೆ ಅವನ ಮೇಲೆ ಸಿಟ್ಟು ಬಂತು, ಕನಿಕರವೂ ಬಂತು. ಟಾಂಗಾ ಮಾಡಿಕೊಂಡು ಭವಾನಿ ಪೇಟೆಗೆ ಹೋದೆ. ಅಲ್ಲಿ ಬೆಲ್ಲ, ಮೆಣಸಿನಕಾಯಿಯ ಅಡತಿ ಅಂಗಡಿಗಳಲ್ಲಿ ನಮ್ಮ ಕಡೆಯವರು ಬೇಕಾದಷ್ಟು. ಒಬ್ಬ ವ್ಯಾಪಾರಿ ಹಣೆಯ ಮೇಲೆ ವಿಭೂತಿ ಇಟ್ಟುಕೊಂಡು ಗಿರಾಕಿಯ ಜೊತೆ ಮರಾಠಿಯಲ್ಲಿ ಜಗಳಾಡುತ್ತಿದ್ದರು. ನಾನು ಕನ್ನಡದಲ್ಲಿ ವಿಷಯ ಹೇಳಿದ ಕೂಡಲೇ ಜಗಳ ಬಿಟ್ಟು ಎದ್ದುಬಂದರು. “ನಮ್ಮ ಅಯ್ಯಾರು ಹಿಂದಿನ ಗಲ್ಲಿಯೊಳಗ ಇರ್ತಾರ್ರಿ. ಆದ್ರ ಅವರು ಭಾಳ ಕಟ್ಟುನಿಟ್ಟು. ಬರ್ತಾರ, ಏನ್ ಹೇಳ್ತಾರ ಗೊತ್ತಿಲ್ಲ” ಎಂದು ತಾವೇ ಕರೆದುಕೊಂಡು ಹೋದರು.

ಅಯ್ಯನವರು ಎಪ್ಪತ್ತರ ಆಸುಪಾಸಿನ ಜಂಗಮರು, ಪುಣೆಯ ಲಿಂಗಾಯತ ಮನೆಗಳ ಹುಟ್ಟು, ಮದುವೆ, ಸಾವುಗಳಿಗೆಲ್ಲ ಅವರೇ. ನನ್ನ ನರ್ಸಿನ ಟೋಪಿ, ಬೂಟು ನೋಡಿ ಹೊಸಲಿನಲ್ಲೇ ನಿಲ್ಲಿಸಿ ಮಾತು ಕೇಳಿದರು. “ನಾಳೆ ಹೊತ್ತು ಮೂಡೂದ್ರಾಗ ಬರ್ತೀನಿ” ಎಂದರು, ಅಷ್ಟೇ.

ಹೇಳಿದಂತೆ ಬಂದರು. ಕಾವಿಯ ಚೀಲವೊಂದು ಹೆಗಲಿಗಿತ್ತು. ಹೊಸ ಲಿಂಗ ತಂದಿದ್ದೀರಾ ಎಂದು ಕೇಳಿದೆ. “ತಂದೀನಿ. ಕಟ್ಟತೀನಂತ ಹೇಳಿಲ್ಲ” ಎಂದರು. ಮಂಚದ ಹತ್ತಿರ ಅವರನ್ನು ಕಂಡ ಕೂಡಲೇ ರೋಗಿ ಎದ್ದು ಕೂರಲು ಹೋಗಿ ಆಗದೆ, ಮಲಗಿದ್ದಲ್ಲಿಂದಲೇ ಅವರ ಪಾದದ ಕಡೆ ಕೈ ಚಾಚಿದ.

“ಅಜ್ಜಾರ, ಲಿಂಗ ಹೋದಾಂವಗ ಏನ್ ಹೇಳತೀರಿ?”

ಅಯ್ಯನವರು ಅವನ ಬರಿದಾದ ಎದೆಯನ್ನು ನೋಡುತ್ತ ನಿಂತು, ತಿರುಗಿ ವರಾಂಡಕ್ಕೆ ಹೋಗಿ ಬೆಂಚಿನ ಮೇಲೆ ಕುಳಿತರು. ಒಳಗೆ ಆರ್ಡರ್ಲಿ ಸ್ಪಿರಿಟ್ ದೀಪ ಹಚ್ಚಿ ರೌಂಡಿಗಾಗಿ ರಬ್ಬರ್ ನಳಿಗೆ ಕುದಿಸುತ್ತಿದ್ದ. ನಾನು ಹೋಗಿ ಬೆಂಚಿನ ಪಕ್ಕ ನಿಂತೆ.

“ನಡೆಯೂದಿಲ್ಲೇನ್ರಿ, ಅಜ್ಜಾರ?”

“ನಡೀತದಂತ ಹೇಳಾವರು ಅದಾರ. ಈಗೀಗ ಭಾಳ ಮಂದಿ ಹೇಳ್ತಾರ. ಗುರು ಮತ್ತ ಕಟ್ಟಬಹುದು ಅಂತಾರ. ನಾ ಇಷ್ಟ ದಿನ ಒಪ್ಪಿಲ್ಲ.” ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡರು. “ನಮ್ಮಜ್ಜ ಹೊಳಿ ದಾಟೂ ಮುಂದ ಲಿಂಗ ಕಳಕೊಂಡ. ಮನಿಗೆ ಬಂದು ಗ್ವಾಡಿ ಕಡೆ ಮುಖಾ ಮಾಡಿ ಕುಂತ. ಅನ್ನ ನೀರು ಮುಟ್ಟಲಿಲ್ಲ. ಹಂಗ ಹೋದ. ಊರಾನ ಮಂದಿ ಗದ್ದಗಿ ಕಟ್ಟಿದ್ರು. ಭಕ್ತಿ ಅಂದ್ರ ಹಿಂಗಿರಬೇಕಂತ ನಾನೂ ಆ ಗದ್ದಗಿ ಮುಂದ ನಿಂತು ಎಷ್ಟೋ ಮಂದಿಗೆ ಹೇಳೀನಿ.”

ಅವರು ನೆಲ ನೋಡುತ್ತಿದ್ದರು.

“ನಮ್ಮಜ್ಜಿ ಒಂದ ಸಲಾನೂ ಆ ಗದ್ದಗಿಗೆ ಹೋಗಲಿಲ್ಲ. ಹುಚ್ಚಿ ಅಂತಿದ್ವಿ. ಕಡೀ ದಿನ ನಮ್ಮಜ್ಜ ನೀರು ಬೇಡಿದ್ನಂತ. ಬಾಯಾಗ ಮಾತು ಬರ್ತಿದ್ದಿಲ್ಲಂತ, ಕೈಲೆ ತೋರಿಸಿದ್ನಂತ. ಮಂದಿ ಕೊಡಾಕ ಬಿಡಲಿಲ್ಲಂತ. ವ್ರತ ಕೆಡತದ ಅಂದ್ರಂತ. ಆಕಿ ಸಾಯೂ ತನಕ ಅದೊಂದ ಹೇಳತಿದ್ಲು, ತಂಬಿಗಿ ನನ್ನ ಕೈಯಾಗ ಇತ್ತು ಅಂತ.”

ಅವರು ತಲೆ ಎತ್ತಿ, “ನೀವು ಯಾರ ಪೈಕಿ, ತಂಗಿ?” ಎಂದು ಕೇಳಿದರು.

“ಕ್ರಿಸ್ತಾನರು, ಅಜ್ಜಾರ. ಮೊದಲ ನಿಮ್ಮ ಮಂದೀನ. ನಮ್ಮಜ್ಜ ಗದಗಿನ ಕಡೆ ನೇಕಾರ. ಆತ ತಾನಾಗೇ ಲಿಂಗ ತೆಗೆದಿಟ್ಟ.”

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಮುಖ ನೋಡಿದರು. “ತೆಗೆದಿಟ್ಟಾಂವ ಬದುಕಿದ, ಮಮ್ಮಗಳನ್ನ ಕಂಡ. ಕಳಕೊಂಡಾಂವ ನೀರು ಬೇಡಿ ಸತ್ತ” ಎಂದು ತಮಗೆ ತಾವೇ ಹೇಳಿಕೊಂಡು, ಮೊಣಕಾಲ ಮೇಲೆ ಕೈಯೂರಿ ಎದ್ದರು. “ನೀರು ಕಾಸು. ಅವನ ಮೈ ಒರಸು.”

ನಾನು ಓಡಿದೆ ಎಂದೇ ಹೇಳಬೇಕು. ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಅವನ ಮೈ ಒರೆಸಿದೆ, ಗಾಯದ ಕಾಲಿನ ಸುತ್ತ ಒಗೆದ ಬಟ್ಟೆ ಸುತ್ತಿದೆ. ಅಯ್ಯನವರು ಚೀಲದಿಂದ ತೆಗೆದ, ಲಿಂಗವನ್ನು ಕೊರಳಿಗೆ ಕಟ್ಟುವ ಶಿವದಾರವನ್ನು ನೋಡಿ ಅನುಮಾನಿಸಿದೆ. ಕೀವಿನ ವಾರ್ಡಿನಲ್ಲಿ ಹೊರಗಿನ ನೂಲು ಎಂದರೆ ಮೇಜರ್ ಸಾಹೇಬರು ಕತ್ತರಿ ಹಿಡಿಯುತ್ತಾರೆ.

“ಅಜ್ಜಾರ, ದಾರ ಕುದಿಸಿ ಕೊಡಲೇನ್ರಿ?”

“ಕುದಿಸು. ನಿನ್ನ ಮಡಿ ಅದು.” ಮೊದಲ ಸಲ ಅವರ ಮುಖದಲ್ಲಿ ಸ್ವಲ್ಪ ನಗು ಕಂಡಿತು.

ರಬ್ಬರ್ ನಳಿಗೆ ಕುದಿಯುತ್ತಿದ್ದ ಪಾತ್ರೆಯಲ್ಲೇ ಶಿವದಾರವೂ ಕುದಿಯಿತು. ಆರ್ಡರ್ಲಿ ಚಿಮಟದಲ್ಲಿ ಅದನ್ನು ಎತ್ತಿ, ಏನೆಂದು ಕೇಳದೆ ಬಿಸಿಲಿಗೆ ಹಿಡಿದು ನಿಂತ. ನಾನು ಮಂಚಕ್ಕೆ ಪರದೆ ಎಳೆದೆ. ಅಯ್ಯನವರು ಅವನ ಹಣೆಗೆ ವಿಭೂತಿ ಹಚ್ಚಿ, ಲಿಂಗವನ್ನು ತಮ್ಮ ಅಂಗೈಯಲ್ಲಿ ಇಟ್ಟು ನೀರೆರೆದು, ಬಿಲ್ವಪತ್ರೆ ಏರಿಸಿದರು. ಅವನ ಎಡಗೈ ಬಿಡಿಸಿ ಅದರಲ್ಲಿ ಲಿಂಗ ಇಡಹೋದಾಗ ಅವನು ಬೆರಳು ಮಡಚಿಕೊಂಡ.

“ಅಜ್ಜಾರ, ಇದು ತಪ್ಪಾದ್ರ?”

“ಕಟ್ಟಾಂವ ನಾ. ತಪ್ಪಾದ್ರ ಶಿವ ನನ್ನ ಕೇಳ್ತಾನ. ನೀ ಕೈ ಬಿಡಸು.”

ಅವನು ಅಳತೊಡಗಿದ. ಕಣ್ಣಲ್ಲಿ ನೀರಿರಲಿಲ್ಲ, ಮೈಯಲ್ಲಿ ನೀರೇ ಉಳಿದಿರಲಿಲ್ಲ. ಬೆರಳು ಬಿಡಿಸಿದ. ಅಯ್ಯನವರು ಬಗ್ಗಿ ಕಿವಿಯಲ್ಲಿ ಮಂತ್ರ ಹೇಳಿದರು, ಅದು ನನಗೆ ಕೇಳಿಸಲಿಲ್ಲ, ಕೇಳಿಸಬಾರದ್ದೂ ಹೌದು. ಬೂಟಿನ ಸದ್ದಾಗಿ ಪರದೆಯ ಸಂದಿಯಿಂದ ನೋಡಿದೆ. ಮೇಜರ್ ಸಾಹೇಬರು ನಳಿಗೆಯ ಟ್ರೇ ಪಕ್ಕ ಬಂದು ನಿಂತಿದ್ದರು, ಅವರ ಹಿಂದೆ ಹಿಡಿದುಕೊಳ್ಳಲು ನಾಲ್ಕು ಜನ. ನಾನು ಕೈಸನ್ನೆ ಮಾಡಿದೆ. ಅವರು ಕೈಗಡಿಯಾರ ನೋಡಿಕೊಂಡು ಅಲ್ಲೇ ಕಾದರು. ಆ ಮನುಷ್ಯನಿಗೆ ನಾನು ಇವತ್ತಿಗೂ ಕೃತಜ್ಞಳು.

ಶಿವದಾರ ಕೊರಳಿಗೆ ಬಿತ್ತು. ಅವನ ಬಲಗೈ ಎದ್ದು ಎದೆಯ ಮೇಲೆ ಆ ಜಾಗಕ್ಕೆ ಬಂದು ನಿಂತಿತು. ನಾನು ಕೊಕ್ಕಿನ ಲೋಟಕ್ಕೆ ನೀರು ತುಂಬಿ ಅಯ್ಯನವರ ಕಡೆ ಚಾಚಿದೆ. ಅವರು ಲಿಂಗಕ್ಕೆ ಎರೆದಿದ್ದ ನೀರನ್ನು ಅದರಲ್ಲಿ ನಾಲ್ಕು ಹನಿ ಬಿಟ್ಟು, ಲೋಟವನ್ನು ಮತ್ತೆ ನನ್ನ ಕೈಗೇ ಕೊಟ್ಟರು.

“ಮೊದಲನೇ ಗುಟುಕು ನೀನ ಕುಡಸು.”

“ನಾನಾ, ಅಜ್ಜಾರ?”

“ರಾತ್ರಿ ಹಗಲು ಇವನ ಹಂತ್ಯಾಕ ಇರಾಕಿ ನೀನು. ನಾಳೆ ನಾ ಇರೂದಿಲ್ಲ. ನಿನ್ನ ಕೈಯಾಗಿನ ನೀರಿಗೆ ಇಂವ ಮತ್ತ ಬಾಯಿ ಮುಚ್ಚಿದ್ರ ನಾ ಕಟ್ಟಿದ್ದು ಏನುಪಯೋಗ?” ರೋಗಿಯ ಕಡೆ ತಿರುಗಿದರು. “ನಮ್ಮ ಮಮ್ಮಗಳು ಈಕಿ. ಕುಡಿ.”

ನಾನು ಲೋಟವನ್ನು ಅವನ ತುಟಿಗೆ ಹಿಡಿದೆ. ಅವನು ಅಯ್ಯನವರನ್ನು ನೋಡಿದ, ನನ್ನನ್ನು ನೋಡಿದ, ಬಾಯಿ ತೆರೆದ. ಮೊದಲ ಗುಟುಕು ಗಂಟಲಲ್ಲಿ ಸಿಕ್ಕಿ ಕೆಮ್ಮು ಬಂತು, ಅರ್ಧ ಗದ್ದದ ಮೇಲೆ ಇಳಿಯಿತು. ಅಯ್ಯನವರು ತಮ್ಮ ಶಲ್ಯದ ತುದಿಯಿಂದ ಅದನ್ನು ಒರೆಸಿದರು. ಎರಡನೆಯದು ಇಳಿಯಿತು. ಲೋಟ ಖಾಲಿಯಾಯಿತು.

“ಇನ್ನ ಸ್ವಲ್ಪ ಕೊಡ್ರಿ, ಅಕ್ಕಾರ” ಎಂದ.